250 ಕಿಲೋಗಿಂತ 35 ಕಿಲೋ ಅಪಾಯಕಾರಿ: ಪಾರ್ಸೆಲ್ ಜಾಲದಲ್ಲಿ ಭಾರದ ಸರಕು

ಪ್ರಶ್ನೆ: ನಾವು ಸಣ್ಣ ಪಾರ್ಸೆಲ್‌ಗಳನ್ನು ಮನೆ, ಅಂಗಡಿಗಳಿಗೆ ತಲುಪಿಸುವ ವಿತರಣಾ ಜಾಲವೊಂದನ್ನು ನಡೆಸುತ್ತಿದ್ದೇವೆ. ಒಂದು ದೊಡ್ಡ ವಿಂಗಡಣಾ ಕೇಂದ್ರ, ಹಲವು ಡಿಪೊಗಳು, ಕೊನೆಯ ಹಂತಕ್ಕೆ ವ್ಯಾನ್‌ಗಳಿವೆ. ನಮ್ಮ ಕನ್ವೇಯರ್ ಬೆಲ್ಟಿನ ಮಿತಿ ಪೆಟ್ಟಿಗೆಯೊಂದಕ್ಕೆ 30 ಕಿಲೋ. ಈಚೆಗೆ ಹಳೆಯ ಗ್ರಾಹಕರೇ ನೀರಿನ ಪಂಪು, ವಿದ್ಯುತ್ ಮೋಟಾರು, ವ್ಯಾಯಾಮದ ಯಂತ್ರ, ಟೈಲ್ಸ್ ಎಂದು 35ರಿಂದ 250 ಕಿಲೋವರೆಗಿನ ಸರಕು ಕಳಿಸತೊಡಗಿದ್ದಾರೆ. ಬೆಲ್ಟ್ ನಡುನಡುವೆ ನಿಲ್ಲುತ್ತದೆ, ಪಕ್ಕದ ಪೆಟ್ಟಿಗೆಗಳು ಜಜ್ಜಿಹೋಗುತ್ತವೆ, ಕೆಲಸಗಾರರು ಸೊಂಟನೋವೆಂದು ರಜೆ ಹಾಕುತ್ತಿದ್ದಾರೆ. ಈ ವ್ಯವಹಾರವನ್ನು ಬಿಟ್ಟುಬಿಡುವುದೇ ಸರಿಯೆ? ಇಟ್ಟುಕೊಳ್ಳುವುದಾದರೆ ಮೊದಲು ಯಾವುದನ್ನು ಬದಲಿಸಬೇಕು?

ಉತ್ತರ: ಬಿಡಬೇಕಾಗಿಲ್ಲ. ಆದರೆ ಈಗಿನ ರೀತಿಯಲ್ಲಿ ಮುಂದುವರಿಸಲೂಬೇಡಿ. ಭಾರದ ಸರಕನ್ನು ನೀವು 'ದೊಡ್ಡ ಪಾರ್ಸೆಲ್' ಎಂದು ಭಾವಿಸಿ ಅದೇ ದಾರಿಯಲ್ಲಿ ನುಗ್ಗಿಸುತ್ತಿದ್ದೀರಿ. ನೀವು ಹೇಳಿದ ಮೂರು ತೊಂದರೆಗಳೂ ಅಲ್ಲಿಂದಲೇ ಹುಟ್ಟಿವೆ.

ನಿಮ್ಮ ಪತ್ರ ಓದುವಾಗ ನನಗೆ ಕಳವಳ ತಂದದ್ದು 250 ಕಿಲೋದ ಯಂತ್ರವಲ್ಲ, 35 ಕಿಲೋದ ಪಂಪು. 250 ಕಿಲೋದ ಪೆಟ್ಟಿಗೆಯನ್ನು ಎತ್ತಲು ಯಾರೂ ಹೋಗುವುದಿಲ್ಲ. ಅದನ್ನು ನೋಡಿದ ಕೂಡಲೇ ಪ್ಯಾಲೆಟ್ ಟ್ರಾಲಿ (ಸರಕು ಕೂರಿಸುವ ಅಡಿಹಲಗೆಯಾದ ಪ್ಯಾಲೆಟ್ಟನ್ನು ಎತ್ತಿ ತಳ್ಳುವ ಕೈಗಾಡಿ) ತರಿಸುತ್ತಾರೆ, ಇಬ್ಬರು ಸೇರಿ ಯೋಚಿಸುತ್ತಾರೆ. 35 ಕಿಲೋದ್ದು ಹಾಗಲ್ಲ. ಅದು ಬೆಲ್ಟಿನ ಮೇಲೆ ಹಿಡಿಸುತ್ತದೆ, ವ್ಯಾನಿನ ಬಾಗಿಲಲ್ಲಿ ತೂರುತ್ತದೆ, ಗಟ್ಟಿಮುಟ್ಟಾದ ಒಬ್ಬ ಕೆಲಸಗಾರ ಉಸಿರು ಬಿಗಿಹಿಡಿದು ಎತ್ತಿಯೂಬಿಡುತ್ತಾನೆ. ಎತ್ತಬಹುದು ಎಂಬ ಕಾರಣಕ್ಕೇ ಅದು ಅಪಾಯಕಾರಿ. ಸ್ಥೂಲವಾಗಿ 25ರಿಂದ 70 ಕಿಲೋವರೆಗಿನ ಈ ನಡುವಣ ತೂಕವೇ ಸೊಂಟಗಳನ್ನು ಮುರಿಯುತ್ತದೆ, ಬೆಲ್ಟುಗಳನ್ನು ನಿಲ್ಲಿಸುತ್ತದೆ. ನಿಮ್ಮ ಸುಧಾರಣೆ ಅಲ್ಲಿಂದ ಶುರುವಾಗಲಿ.

ಒಬ್ಬ ಮನುಷ್ಯ ಎಷ್ಟು ಎತ್ತಬಹುದು ಎಂಬುದಕ್ಕೆ ಲೆಕ್ಕವೇ ಇದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಎತ್ತುವಿಕೆಯ ಸೂತ್ರ 23 ಕಿಲೋದಿಂದ ಆರಂಭವಾಗುತ್ತದೆ. ಪರಿಸ್ಥಿತಿ ಎಲ್ಲ ರೀತಿಯಿಂದಲೂ ಅನುಕೂಲವಾಗಿದ್ದಾಗ ಮಾತ್ರ ಆ 23 ಕಿಲೋ: ಪೆಟ್ಟಿಗೆ ಮೈಗೆ ಹತ್ತಿರವಿರಬೇಕು, ಕೈಗಳು ನೆಲದಿಂದ ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿರಬೇಕು, ಮೈ ತಿರುಚಬಾರದು, ಹಿಡಿಕೆ ಚೆನ್ನಾಗಿರಬೇಕು, ಆಗೊಮ್ಮೆ ಈಗೊಮ್ಮೆ ಮಾತ್ರ ಎತ್ತಬೇಕು. ಇವುಗಳಲ್ಲಿ ಒಂದೊಂದು ಕೆಟ್ಟಾಗಲೂ ಆ ಸಂಖ್ಯೆ ಕುಸಿಯುತ್ತದೆ. ನಿಮ್ಮ ಡಿಪೊದ ಸಾಮಾನ್ಯ ದೃಶ್ಯವನ್ನೇ ತೆಗೆದುಕೊಳ್ಳಿ. ಅಗಲವಾದ ಪೆಟ್ಟಿಗೆ ನೆಲದ ಮೇಲಿದೆ, ಕೈಗಳು ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿ, ದೇಹದಿಂದ 50 ಸೆಂಟಿಮೀಟರ್ ಮುಂದಿವೆ. ಕೆಲಸಗಾರ ಅದನ್ನು 60 ಸೆಂಟಿಮೀಟರ್ ಮೇಲಕ್ಕೆತ್ತಿ, 45 ಡಿಗ್ರಿ ಪಕ್ಕಕ್ಕೆ ತಿರುಗಿ ಇಡಬೇಕು, ಪೆಟ್ಟಿಗೆಗೆ ಹಿಡಿಕೆಯಿಲ್ಲ. ದೂರವೊಂದರಿಂದಲೇ 23 ಎಂಬುದು 11.5ಕ್ಕೆ ಇಳಿಯುತ್ತದೆ. ಉಳಿದ ಗುಣಕಗಳನ್ನೂ ಹಾಕಿದರೆ ಸುಮಾರು 6.5 ಕಿಲೋ! ನಿಮಿಷಕ್ಕೆ ಹಲವು ಬಾರಿ ಎತ್ತುವುದಾದರೆ ಅದೂ ಇಲ್ಲ.

ಈ ಲೆಕ್ಕವನ್ನು ನಿಮ್ಮ ಡಿಪೊ ಮೇಲ್ವಿಚಾರಕರೆಲ್ಲರೂ ಒಮ್ಮೆ ಕೂತು ಮಾಡಿ ನೋಡಬೇಕೆಂದು ನನ್ನ ಒತ್ತಾಯ. 'ಸರಿಯಾದ ಭಂಗಿಯಲ್ಲಿ ಎತ್ತಿ' ಎಂಬ ಭಿತ್ತಿಪತ್ರ ಅಂಟಿಸಿ ಕೈತೊಳೆದುಕೊಳ್ಳುವುದರಿಂದ ಸೊಂಟ ಉಳಿಯುವುದಿಲ್ಲ. ಪೆಟ್ಟಿಗೆ ನೆಲದ ಮೇಲಿರುವುದನ್ನು ತಪ್ಪಿಸಿ, 75 ಸೆಂಟಿಮೀಟರ್ ಎತ್ತರದ ಮೇಜಿನ ಮೇಲೆ ಬರುವಂತೆ ಮಾಡಿ. ಭಂಗಿಯ ಪಾಠಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

'ಭಾರವಾದರೆ ಇಬ್ಬರು ಎತ್ತಲಿ' ಎಂಬುದು ಇನ್ನೊಂದು ಸುಲಭದ ಮಾತು. ಇಬ್ಬರ ಶಕ್ತಿ ಒಬ್ಬರ ಶಕ್ತಿಯ ಎರಡರಷ್ಟಲ್ಲ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರದ ಮಾರ್ಗದರ್ಶಿಯ ಪ್ರಕಾರ ಇಬ್ಬರ ತಂಡದ ಸಾಮರ್ಥ್ಯ ಅವರಿಬ್ಬರ ಒಟ್ಟು ಸಾಮರ್ಥ್ಯದ ಮೂರನೇ ಎರಡು ಭಾಗ; ಮೂವರಾದರೆ ಅರ್ಧ. ಹೆಜ್ಜೆ ಹೊಂದುವುದಿಲ್ಲ, ಒಬ್ಬರ ಮೇಲೆ ಭಾರ ಹೆಚ್ಚು ಬೀಳುತ್ತದೆ, ಮೆಟ್ಟಿಲಿನಲ್ಲಂತೂ ಕೆಳಗಿರುವವನ ಮೇಲೆಯೇ ಬಹುಪಾಲು. 23 ಕಿಲೋದ ಆದರ್ಶ ಮಿತಿಯನ್ನೇ ಹಿಡಿದರೂ ಇಬ್ಬರಿಗೆ ಸುಮಾರು 30 ಕಿಲೋ ಆಯಿತು. ಅದರ ಮೇಲಿನದ್ದಕ್ಕೆ ಚಕ್ರ ಬೇಕು, ಇನ್ನೊಂದು ಜೊತೆ ಕೈಗಳಲ್ಲ.

ಆದ್ದರಿಂದ ನಾನು ಗೆರೆ ಎಳೆಯುವುದು ಹೀಗೆ. 20 ಕಿಲೋವರೆಗೆ ಒಬ್ಬರು, ಅದೂ ಸೊಂಟದ ಎತ್ತರದಲ್ಲಿ. 20ರಿಂದ 30 ಕಿಲೋವರೆಗೆ ಬೆಲ್ಟಿನ ಮೇಲೆ ಹೋಗಬಹುದು, ಆದರೆ ಹತ್ತಿಸುವಾಗ, ಇಳಿಸುವಾಗ ಇಬ್ಬರು ಅಥವಾ ಎತ್ತುವ ಸಾಧನ. 30ರಿಂದ 70 ಕಿಲೋವರೆಗಿನದು ಬೆಲ್ಟನ್ನು ಮುಟ್ಟುವಂತೆಯೇ ಇಲ್ಲ. ಚಕ್ರದ ಮೇಲೆ ಬಂದು ಚಕ್ರದ ಮೇಲೆಯೇ ಹೋಗಬೇಕು. 70 ದಾಟಿದ್ದು ಪ್ಯಾಲೆಟ್ಟಿಗೆ ಬಿಗಿದಿದ್ದರೆ ಮಾತ್ರ ಸ್ವೀಕಾರ. ದೊಡ್ಡ ಜಾಲಗಳೂ ಇಂಥ ಗೆರೆಗಳನ್ನೇ ಇಟ್ಟುಕೊಂಡಿವೆ. ಜರ್ಮನಿಯ ಡಿಎಚ್‌ಎಲ್ ಪಾರ್ಸೆಲ್ ಸೇವೆ 31.5 ಕಿಲೋಗೆ ನಿಲ್ಲುತ್ತದೆ. ಅಮೆರಿಕದ ಸಾಗಣೆ ಸಂಸ್ಥೆ ಯುಪಿಎಸ್‌ನ ಪಾರ್ಸೆಲ್ಲಿನ ಗರಿಷ್ಠ ತೂಕ 70 ಕಿಲೋ. ಅದಕ್ಕೂ ಮೇಲಿನದು ಅವರಲ್ಲಿಯೂ ಸರಕು ಸಾಗಣೆಯ ಬೇರೆ ಸೇವೆಗೆ ಹೋಗುತ್ತದೆ. ಅವರು 70 ಕಿಲೋವರೆಗೆ ಸ್ವೀಕರಿಸುತ್ತಾರೆ ಎಂದರೆ ಒಬ್ಬ ಮನುಷ್ಯ ಅಷ್ಟನ್ನು ಎತ್ತಬಹುದು ಎಂದು ಅರ್ಥವಲ್ಲ. ಸ್ವೀಕಾರದ ಮಿತಿಯನ್ನೂ ಎತ್ತುವ ಮಿತಿಯನ್ನೂ ಒಂದೇ ಎಂದುಕೊಂಡ ಡಿಪೊಗಳಲ್ಲಿಯೇ ಹೆಚ್ಚು ಜನ ಗಾಯಗೊಳ್ಳುತ್ತಾರೆ.

ಬೆಲ್ಟಿನ ವಿಷಯಕ್ಕೆ ಬರುತ್ತೇನೆ. 30 ಕಿಲೋ ಎಂದು ತಯಾರಕರು ಬರೆದದ್ದು ಮೋಟಾರಿನ ಎಳೆಯುವ ಶಕ್ತಿಯೊಂದನ್ನೇ ನೋಡಿ ಅಲ್ಲ. ತಿರುವಿನಲ್ಲಿ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳುವ ಸಾಧನ, ರೋಲರುಗಳ ಬೇರಿಂಗು, ಇಳಿಜಾರಿನ ತುದಿಯ ತಡೆ, ಎಲ್ಲವೂ ಆ ಲೆಕ್ಕದಲ್ಲಿವೆ. ಸಣ್ಣ ತಳದ, ಭಾರ ಒಂದೇ ಕಡೆ ಕೂತ ಮೋಟಾರು ಬಂದರೆ ತಳ್ಳುವ ಸಾಧನ ಅದನ್ನು ಅರ್ಧ ತಿರುಗಿಸಿ ಬಿಡುತ್ತದೆ. ಅದು ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಹಿಂದಿನ ಸಾಲು ಬಂದು ಗುದ್ದುತ್ತದೆ. ಬೆಲ್ಟ್ ನಿಂತಾಗ ನೀವು ಕಳೆದುಕೊಳ್ಳುವುದು ಆ ಒಂದು ಪೆಟ್ಟಿಗೆಯ ಸಮಯವನ್ನಲ್ಲ, ಆ ಹೊತ್ತಿನಲ್ಲಿ ಹಾದುಹೋಗಬೇಕಿದ್ದ ಎಲ್ಲ ಪೆಟ್ಟಿಗೆಗಳ ಸಮಯವನ್ನು.

ಜಜ್ಜುವಿಕೆಯ ಕಾರಣ ಇನ್ನೂ ನೇರವಾದದ್ದು. ಒಂದೇ ಇಳಿಜಾರಿನಲ್ಲಿ ಒಂದೇ ವೇಗದಲ್ಲಿ ಇಳಿದರೂ 40 ಕಿಲೋದ ಪೆಟ್ಟಿಗೆಯ ಹೊಡೆತದ ಶಕ್ತಿ 2 ಕಿಲೋದ ಪೆಟ್ಟಿಗೆಯದರ 20 ಪಟ್ಟು. ಕೆಳಗೆ ಕಾದಿರುವ ಪುಸ್ತಕದ ಪೊಟ್ಟಣಕ್ಕೆ ಅದನ್ನು ತಡೆಯುವ ತ್ರಾಣವಿಲ್ಲ. ಜೊತೆಗೆ ಭಾರದ ಪೆಟ್ಟಿಗೆಗೂ ಇಲ್ಲಿ ಅನ್ಯಾಯವಾಗುತ್ತದೆ. ಪ್ಯಾಕಿಂಗ್ ಪರೀಕ್ಷೆಗಳ ಐಎಸ್‌ಟಿಎ ಸಂಸ್ಥೆಯ 1ಎ ವಿಧಾನದಲ್ಲಿ 10 ಕಿಲೋಗಿಂತ ಕಡಿಮೆ ತೂಕದ ಪೆಟ್ಟಿಗೆಯನ್ನು ಸುಮಾರು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ ನೋಡುತ್ತಾರೆ. 28ರಿಂದ 45 ಕಿಲೋದ್ದನ್ನು 31 ಸೆಂಟಿಮೀಟರಿನಿಂದ, 45ರಿಂದ 68 ಕಿಲೋದ್ದನ್ನು ಕೇವಲ 20 ಸೆಂಟಿಮೀಟರಿನಿಂದ. ಭಾರವಾದದ್ದನ್ನು ಯಾರೂ ಎಸೆಯುವುದಿಲ್ಲ, ಅದು ಎತ್ತರದಿಂದ ಬೀಳುವ ಸಂಭವ ಕಡಿಮೆ ಎಂಬ ತರ್ಕ ಅದರ ಹಿಂದಿದೆ. ನಿಮ್ಮ ಇಳಿಜಾರಿಗೆ ಆ ತರ್ಕ ಗೊತ್ತಿಲ್ಲ. ಅದು ಹಗುರವಾದದ್ದನ್ನೂ ಭಾರವಾದದ್ದನ್ನೂ ಒಂದೇ ಎತ್ತರದಿಂದ ಕೆಡವುತ್ತದೆ. 20 ಸೆಂಟಿಮೀಟರ್ ಬೀಳುವಿಕೆಗೆ ಎಂದು ಪ್ಯಾಕ್ ಮಾಡಿದ ಪಂಪು ಮೂರು ಪಟ್ಟು ಎತ್ತರದಿಂದ ಬಿದ್ದು ಎರಕದ ಕಾಲು ಮುರಿದುಕೊಂಡರೆ ಗ್ರಾಹಕನ ಪ್ಯಾಕಿಂಗನ್ನು ದೂರುವುದು ನ್ಯಾಯವಲ್ಲ.

ಹಾಗಾದರೆ ಈ ಸರಕನ್ನು ಎಲ್ಲಿ ಬೇರ್ಪಡಿಸಬೇಕು? ವಿಂಗಡಣಾ ಕೇಂದ್ರದಲ್ಲಿ ಎಂದು ನಿಮಗೆ ಅನ್ನಿಸಬಹುದು. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಯಾರೋ ಒಬ್ಬರು ಅದನ್ನು ಎತ್ತಿ ವ್ಯಾನಿಗೆ ಹಾಕಿ, ಇನ್ನೊಬ್ಬರು ಇಳಿಸಿ ಆಗಿರುತ್ತದೆ. ಬುಕಿಂಗ್ ಹಂತದಲ್ಲಿಯೇ ಅದು ಬೇರೆ ದಾರಿಗೆ ತಿರುಗಬೇಕು. ಗ್ರಾಹಕ 30ಕ್ಕಿಂತ ಹೆಚ್ಚು ತೂಕ ನಮೂದಿಸಿದ ಕೂಡಲೇ ಸಾಮಾನ್ಯ ಪಾರ್ಸೆಲ್ಲಿನ ಪುಟ ಮುಚ್ಚಿ ಬೇರೆ ಪ್ರಶ್ನೆಗಳು ಬರಲಿ: ಉದ್ದ, ಅಗಲ, ಎತ್ತರ ಎಷ್ಟು? ಪ್ಯಾಲೆಟ್ಟಿಗೆ ಬಿಗಿದಿದೆಯೆ? ಮಲಗಿಸಬಹುದೆ? ಮೇಲೆ ಇನ್ನೊಂದನ್ನು ಪೇರಿಸಬಹುದೆ? ಕಳಿಸುವ ಕಡೆ ಫೋರ್ಕ್‌ಲಿಫ್ಟ್ (ಮುಂದಿನ ಎರಡು ಕವಲುಗಳಿಂದ, ಅಂದರೆ ಫೋರ್ಕಿನಿಂದ, ಭಾರ ಎತ್ತುವ ವಾಹನ) ಇದೆಯೆ, ತಲುಪುವ ಕಡೆ? ಬಾಗಿಲ ಅಗಲ ಎಷ್ಟು, ಮೆಟ್ಟಿಲಿದೆಯೆ? ಈ ಕೊನೆಯ ಎರಡು ಪ್ರಶ್ನೆಗಳನ್ನು ಕೇಳದೆ ಬಿಟ್ಟದ್ದಕ್ಕೆ ಪೂರ್ತಿ ಬೆಲೆ ತೆರುವುದು ಸರಕು ಮನೆ ಬಾಗಿಲಿಗೆ ಹೋದ ದಿನ.

ನಮೂದಿಸಿದ ತೂಕವನ್ನು ನಂಬಬೇಡಿ. ಇದು ಗ್ರಾಹಕರ ಮೇಲಿನ ಸಂಶಯವಲ್ಲ. ಬಹಳ ಮಂದಿ ಕ್ಯಾಟಲಾಗಿನಲ್ಲಿರುವ ಯಂತ್ರದ ತೂಕ ಬರೆದು ಪೆಟ್ಟಿಗೆ, ಮರದ ಚೌಕಟ್ಟು, ಪ್ಯಾಲೆಟ್ ಇವುಗಳ ತೂಕ ಮರೆಯುತ್ತಾರೆ. ಹಡಗಿನ ಕಂಟೇನರುಗಳಲ್ಲಿ ತಪ್ಪು ತೂಕದಿಂದ ಆದ ಅನಾಹುತಗಳ ನಂತರ 2016ರ ಜುಲೈ 1ರಿಂದ ದೃಢೀಕರಿಸಿದ ಒಟ್ಟು ತೂಕವಿಲ್ಲದೆ ಕಂಟೇನರನ್ನು ಹಡಗಿಗೆ ಹತ್ತಿಸುವಂತಿಲ್ಲ ಎಂಬ ಅಂತರರಾಷ್ಟ್ರೀಯ ನಿಯಮವೇ ಬಂತು. ನಿಮ್ಮ ಮಟ್ಟದಲ್ಲಿ ಬೇಕಾದದ್ದು ಸರಳ: ಮೊದಲ ಡಿಪೊದ ಬಾಗಿಲಲ್ಲೇ ನೆಲಮಟ್ಟದ ತೂಕದ ಯಂತ್ರ, ಅಥವಾ ತೂಕ ತೋರಿಸುವ ಪ್ಯಾಲೆಟ್ ಟ್ರಾಲಿ. ತೂಗಿದ ಮೇಲೆ ಸಂಖ್ಯೆಯನ್ನು ದೊಡ್ಡದಾಗಿ ಎದುರುಬದುರಿನ ಎರಡು ಮೈಗಳ ಮೇಲೆ ಬರೆಯಿರಿ. 'ಭಾರವಿದೆ' ಎಂದಷ್ಟೇ ಬರೆದ ಚೀಟಿ ನನಗೆ ಒಪ್ಪಿಗೆಯಿಲ್ಲ. 26 ಕಿಲೋಗೂ ಅದೇ ಚೀಟಿ, 66 ಕಿಲೋಗೂ ಅದೇ ಚೀಟಿ ಎಂದಾದರೆ ಕೈ ಹಾಕುವವನಿಗೆ ಅದರಿಂದ ಏನು ತಿಳಿಯಿತು? '47 ಕಿಲೋ' ಎಂದಿದ್ದರೆ ಅವನು ನಿಲ್ಲುತ್ತಾನೆ. ಭಾರ ಒಂದೇ ಪಕ್ಕದಲ್ಲಿರುವ ಯಂತ್ರಗಳಿಗೆ ಗುರುತ್ವ ಕೇಂದ್ರದ ಚಿಹ್ನೆಯನ್ನೂ ಹಾಕಿಸಿ. ಅದು ಪೆಟ್ಟಿಗೆಗಳ ಮೇಲೆ ಹಾಕುವ ಅಂತರರಾಷ್ಟ್ರೀಯ ಐಎಸ್‌ಒ 780 ಚಿಹ್ನೆಗಳಲ್ಲೊಂದು, ಭಾಷೆ ಬಾರದವರಿಗೂ ಅರ್ಥವಾಗುತ್ತದೆ.

ಬೇರೆ ದಾರಿ ಎಂದರೆ ಬೇರೆ ಕಟ್ಟಡವೇ ಬೇಕು ಎಂದು ಹೆದರಬೇಡಿ. ಕೇಂದ್ರದ ಒಂದು ಪಕ್ಕದಲ್ಲಿ, ಎರಡು ಬಾಗಿಲುಗಳ ನಡುವೆ ನೇರವಾದ ನೆಲದ ದಾರಿ ಸಾಕು. ಒಳಬರುವ ಲಾರಿಯಿಂದ ಇಳಿದ ಪ್ಯಾಲೆಟ್ ಹೊರಹೋಗುವ ಲಾರಿಯ ಬಾಗಿಲಿಗೆ ಒಂದೇ ಸಲ ಸರಿಯಬೇಕು. ಇಲ್ಲಿ ನೀವು ಅಳೆಯಬೇಕಾದ ಮುಖ್ಯ ಸಂಖ್ಯೆ 'ಎಷ್ಟು ಸಲ ಮುಟ್ಟಿದೆವು' ಎಂಬುದು. ಕಳಿಸುವವನ ಬಾಗಿಲಿನಿಂದ ಪಡೆಯುವವನ ಬಾಗಿಲಿನವರೆಗೆ ಒಂದು ಪೆಟ್ಟಿಗೆಯನ್ನು ಹಿಂಬಾಲಿಸಿ, ನೆಲಕ್ಕಿಟ್ಟು ಮತ್ತೆ ಎತ್ತಿದ ಪ್ರತಿ ಸಲವನ್ನೂ ಗುರುತು ಹಾಕಿಕೊಳ್ಳಿ. ಆ ಪಟ್ಟಿ ನೋಡಿದಾಗ ಯಾವುದು ಅನಗತ್ಯ ಎಂಬುದು ತಾನಾಗಿ ಕಾಣುತ್ತದೆ. ಹೆಚ್ಚಿನ ಡಿಪೊಗಳಲ್ಲಿ 'ಸದ್ಯಕ್ಕೆ ಇಲ್ಲಿಡೋಣ' ಎಂದು ಬದಿಗಿಟ್ಟದ್ದೇ ಅತಿ ದುಬಾರಿಯ ಮುಟ್ಟುವಿಕೆ. 30ರಿಂದ 70 ಕಿಲೋದ ಬಿಡಿ ಪೆಟ್ಟಿಗೆಗಳನ್ನು ಒಂದೇ ಡಿಪೊಗೆ ಹೋಗುವಂಥವನ್ನು ಸೇರಿಸಿ ಒಂದು ಪ್ಯಾಲೆಟ್ ಮಾಡಿದರೆ ಆರು ಪೆಟ್ಟಿಗೆಗೆ ಬೇಕಿದ್ದ ಆರು ಎತ್ತುವಿಕೆ ಒಂದಾಗುತ್ತದೆ.

ಪ್ಯಾಲೆಟ್ ಕಟ್ಟುವಾಗ ಎರಡು ಮಾತು. ರಟ್ಟಿನ ಪೆಟ್ಟಿಗೆಯ ಬಲ ಅದರ ಮೂಲೆಗಳಲ್ಲಿದೆ. ಮೂಲೆಯ ಮೇಲೆ ಮೂಲೆ ಬರುವಂತೆ ಕಂಬದ ಹಾಗೆ ಪೇರಿಸಿದರೆ ಅದು ಭಾರ ತಾಳುತ್ತದೆ. ಇಟ್ಟಿಗೆಗೋಡೆಯಂತೆ ಅಡ್ಡಡ್ಡ ಜೋಡಿಸಿದರೆ ಗಟ್ಟಿಯಾಗಿ ಕಂಡರೂ ತಾಳುವ ಶಕ್ತಿ ಬಹಳಷ್ಟು ಕಡಿಮೆಯಾಗುತ್ತದೆ. ಪ್ಯಾಲೆಟ್ಟಿನ ಅಂಚಿನಿಂದ ಪೆಟ್ಟಿಗೆ ಹೊರಚಾಚಿದರೂ ಹಾಗೆಯೇ, ಏಕೆಂದರೆ ಮೂಲೆಗಳ ಕೆಳಗೆ ಆಸರೆ ಇರುವುದಿಲ್ಲ. ತೇವದ ಹವೆಯಲ್ಲಿ ರಟ್ಟು ಇನ್ನೂ ಸೊರಗುತ್ತದೆ. ದೇಶದ ಗಡಿ ದಾಟುವ ಸರಕಾದರೆ ಮರದ ಪ್ಯಾಲೆಟ್ಟಿಗೆ ಐಎಸ್‌ಪಿಎಂ 15ರ (ಮರದ ಮೂಲಕ ಕೀಟಗಳು ಗಡಿ ದಾಟದಂತೆ ತಡೆಯುವ ಅಂತರರಾಷ್ಟ್ರೀಯ ಮಾನದಂಡದ) ಮುದ್ರೆ ಇದೆಯೇ ಎಂದು ಮೊದಲ ಡಿಪೊದಲ್ಲಿಯೇ ನೋಡಿ. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕೆಂಬುದು ಅದರ ಪ್ರಮುಖ ಉಪಚಾರ ಕ್ರಮ. ಮುದ್ರೆಯಿಲ್ಲದ ಪ್ಯಾಲೆಟ್ ಗಡಿಯಲ್ಲಿ ನಿಂತರೆ ಸರಕೂ ನಿಲ್ಲುತ್ತದೆ.

ಫೋರ್ಕ್‌ಲಿಫ್ಟ್ ಕೊಳ್ಳುವ ಮುನ್ನ ಅದರ ಫಲಕವನ್ನು ಪೂರ್ತಿ ಓದಿ. 2000 ಕಿಲೋ ಎಂದು ಬರೆದಿದ್ದರೆ ಪಕ್ಕದಲ್ಲಿ 500 ಮಿಲಿಮೀಟರ್ ಎಂದೂ ಇರುತ್ತದೆ. ಫೋರ್ಕಿನ ಬುಡದಿಂದ ಭಾರದ ಕೇಂದ್ರ ಅಷ್ಟು ದೂರದಲ್ಲಿದ್ದರೆ ಮಾತ್ರ ಆ ಸಾಮರ್ಥ್ಯ. ಮುಂದಿನ ಅಚ್ಚಿನಿಂದ ಫೋರ್ಕಿನ ಬುಡಕ್ಕೆ 400 ಮಿಲಿಮೀಟರ್ ಇರುವ ಯಂತ್ರದಲ್ಲಿ ಭಾರದ ಕೇಂದ್ರ 800ಕ್ಕೆ ಸರಿದರೆ ಸ್ಥೂಲ ಲೆಕ್ಕದಲ್ಲಿ 1500 ಕಿಲೋ ಆಗಿಬಿಡುತ್ತದೆ. ಉದ್ದನೆಯ ವ್ಯಾಯಾಮ ಯಂತ್ರಗಳನ್ನು ತುದಿಯಿಂದ ಎತ್ತುವ ಅಭ್ಯಾಸ ನಿಮ್ಮಲ್ಲಿದ್ದರೆ ಇದನ್ನು ಇವತ್ತೇ ಚಾಲಕರಿಗೆ ತಿಳಿಸಿ.

ಲಾರಿಯೊಳಗಿನ ಜೋಡಣೆಯ ಬಗ್ಗೆ ನಾನು ತುಸು ಹಟ ಹಿಡಿಯುತ್ತೇನೆ. ಬ್ರೇಕ್ ಹಾಕಿದಾಗ ಲಾರಿ ನಿಲ್ಲುತ್ತದೆ, ಸರಕು ನಿಲ್ಲುವುದಿಲ್ಲ. ಯುರೋಪಿನ ಇಎನ್ 12195-1 ಮಾನದಂಡ ಮುಂದಕ್ಕೆ ತೂಕದ 0.8 ಪಟ್ಟು, ಪಕ್ಕಕ್ಕೆ 0.5 ಪಟ್ಟು ಬಲವನ್ನು ತಡೆಯುವಂತೆ ಕಟ್ಟಬೇಕೆನ್ನುತ್ತದೆ. 500 ಕಿಲೋದ ಪ್ಯಾಲೆಟ್ ಎಂದರೆ ಮುಂದಕ್ಕೆ 400 ಕಿಲೋ ಭಾರದಷ್ಟು ನೂಕು. ನೆಲದ ಘರ್ಷಣೆಯ ಗುಣಾಂಕ 0.3 ಎಂದು ಹಿಡಿದರೆ ಘರ್ಷಣೆ ತಡೆಯುವುದು 150 ಮಾತ್ರ. ಉಳಿದ 250ನ್ನು ಯಾರು ತಡೆಯಬೇಕು? ಮುಂದಿರುವ ಸಣ್ಣ ಪಾರ್ಸೆಲ್‌ಗಳೇ? ಕೆಳಗೆ ಜಾರದ ರಬ್ಬರ್ ಹಾಸು ಹಾಕಿ ಗುಣಾಂಕವನ್ನು 0.6ಕ್ಕೆ ತಂದರೆ ಬಾಕಿ 100ಕ್ಕೆ ಇಳಿಯುತ್ತದೆ. ಅದಕ್ಕೆ ಮುಂದಿನ ಗೋಡೆಯ ಆಸರೆ ಅಥವಾ ಎಳೆದು ಬಿಗಿಯುವ ರಾಚೆಟ್ ಪಟ್ಟಿ ಸಾಕಾದೀತು. ಭಾರದ್ದು ನೆಲದ ಮೇಲೆ, ಮುಂಗೋಡೆಗೆ ಒತ್ತಿ, ಎಡಬಲ ಸಮನಾಗಿ. ಅದರ ಹಿಂದೆ ಅಡ್ಡಪಟ್ಟಿ ಕಟ್ಟಿ, ಆಮೇಲೆ ಸಣ್ಣ ಸರಕಿನ ಪಂಜರ ಟ್ರಾಲಿಗಳು.

ಇಲ್ಲಿ ಒಂದು ನಿಜವಾದ ತೊಡಕಿದೆ. ಮೊದಲು ಇಳಿಯಬೇಕಾದ್ದು ಬಾಗಿಲ ಬಳಿ ಇರಬೇಕು ಎಂಬ ವಿತರಣೆಯ ನಿಯಮಕ್ಕೂ ಭಾರದ್ದು ಮುಂದಿರಬೇಕು ಎಂಬ ಸುರಕ್ಷತೆಯ ನಿಯಮಕ್ಕೂ ಹೊಂದುವುದಿಲ್ಲ. ಮಾರ್ಗ ಯೋಜಿಸುವವರು ಭಾರವಾದ ನಿಲುಗಡೆಯನ್ನು ಕೊನೆಗೆ ತಂದರೆ ಎರಡೂ ಸರಿಹೋಗುತ್ತವೆ. ಆಗದಿದ್ದಾಗ ಸುರಕ್ಷತೆಗೆ ಮಣಿಯಿರಿ, ಇಳಿಸುವ ಸಮಯ ಹೆಚ್ಚಾದರೂ ಸರಿ.

ಕೊನೆಯ ಮೈಲಿಯಲ್ಲಿಯೇ ಹಣ ಸೋರುವುದು. ಉದಾಹರಣೆಗೆ, ಎಂಟು ಗಂಟೆಯಲ್ಲಿ 96 ನಿಲುಗಡೆ ಮಾಡುವ ವ್ಯಾನಿಗೆ ಒಂದಕ್ಕೆ ಸಿಗುವುದು 5 ನಿಮಿಷ. ಅದರ ನಡುವೆ 60 ಕಿಲೋದ ಒಂದು ಪೆಟ್ಟಿಗೆ 25 ನಿಮಿಷ ತಿಂದರೆ ನಾಲ್ಕು ಮನೆಗಳ ಪಾರ್ಸೆಲ್ ಆ ದಿನ ತಲುಪುವುದಿಲ್ಲ. ಆ ನಾಲ್ವರು ದೂರು ಕೊಟ್ಟಾಗ ನಿಮ್ಮ ದಾಖಲೆಯಲ್ಲಿ ಅದು 'ಚಾಲಕನ ವಿಳಂಬ' ಎಂದು ದಾಖಲಾಗುತ್ತದೆ, ನಿಜವಾದ ಕಾರಣ ಎಲ್ಲಿಯೂ ಕಾಣುವುದಿಲ್ಲ. ಒಬ್ಬನೇ ಚಾಲಕನಿರುವ ವ್ಯಾನಿಗೆ 30 ಕಿಲೋಗಿಂತ ಹೆಚ್ಚಿನದನ್ನು ಕೊಡುವುದನ್ನು ನಿಲ್ಲಿಸಿ. ಭಾರಕ್ಕೆಂದೇ ಹಿಂಬದಿಯಲ್ಲಿ ಟೈಲ್ ಲಿಫ್ಟ್ (ಸರಕನ್ನು ಏರಿಸಿ ಇಳಿಸುವ ಯಾಂತ್ರಿಕ ಹಲಗೆ) ಇರುವ ವಾಹನ, ಇಬ್ಬರು ಸಿಬ್ಬಂದಿ, ಮೆಟ್ಟಿಲೇರುವ ಟ್ರಾಲಿ, ಮುಂಚಿತವಾಗಿ ಗೊತ್ತುಪಡಿಸಿದ ವೇಳೆ ಇರಲಿ. ಪ್ರತಿದಿನ ಹೋಗಬೇಕಾಗಿಲ್ಲ. ವಾರಕ್ಕೆ ಎರಡು ದಿನ ಒಂದು ಪ್ರದೇಶಕ್ಕೆ ಹೋದರೂ ಗ್ರಾಹಕರು ಒಪ್ಪುತ್ತಾರೆ, ದಿನ ಖಚಿತವಾಗಿದ್ದರೆ. ಭಾರದ ಸರಕು ತರಿಸಿಕೊಳ್ಳುವವರಿಗೆ ವೇಗಕ್ಕಿಂತ ಮಾತು ಮುಖ್ಯ. ಅದನ್ನು ಇಳಿಸಿಕೊಳ್ಳಲು ಅವರೂ ಜನ, ಜಾಗ ಸಿದ್ಧಮಾಡಿಕೊಳ್ಳಬೇಕಲ್ಲ.

ಏನನ್ನು ತಲುಪಿಸುತ್ತೀರಿ ಎಂಬುದನ್ನೂ ಬಿಡಿಸಿ ಬರೆಯಿರಿ: ವಾಹನದ ಪಕ್ಕದ ನೆಲದವರೆಗೆ, ಬಾಗಿಲವರೆಗೆ, ಅಥವಾ ಒಳಗಿನ ಕೋಣೆಯವರೆಗೆ. ಮೂರಕ್ಕೂ ಬೇರೆ ಬೇರೆ ಬೆಲೆ. ಇದು ಬರಹದಲ್ಲಿ ಇಲ್ಲದಿದ್ದರೆ ಚಾಲಕ ಬಾಗಿಲಲ್ಲಿ ನಿಂತು ಒಬ್ಬನೇ ವಾದಿಸಬೇಕಾಗುತ್ತದೆ, ಕೊನೆಗೆ ಸೋತು ಎತ್ತಿಕೊಂಡು ಮೇಲಿನ ಮಹಡಿಗೆ ಹೋಗುತ್ತಾನೆ. ಅವನನ್ನು ಆ ಸ್ಥಿತಿಗೆ ತಳ್ಳುವುದು ನನ್ನ ಮಟ್ಟಿಗೆ ಸಂಸ್ಥೆಯ ತಪ್ಪು.

ಬೆಲೆಯ ವಿಚಾರ. ಪಾರ್ಸೆಲ್ ಜಾಲಗಳ ಗಾತ್ರ-ತೂಕದ ಸೂತ್ರ, ಅಂದರೆ ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುವುದು, ಹುಟ್ಟಿದ್ದು ಹಗುರವಾದರೂ ಜಾಗ ತಿನ್ನುವ ಪೆಟ್ಟಿಗೆಗಳಿಗಾಗಿ. 25, 25, 40 ಸೆಂಟಿಮೀಟರಿನ ಮೋಟಾರಿಗೆ ಅದು 5 ಕಿಲೋ ಎನ್ನುತ್ತದೆ. ನಿಜ ತೂಕ 45 ಕಿಲೋ ಇರಬಹುದು. ನಿಜ ತೂಕಕ್ಕೇ ದರ ಹಾಕಿದರೂ ಕಿಲೋಗೆ ಇಷ್ಟು ಎಂಬ ಏರಿಕೆ ಸಾಲದು. ಖರ್ಚು ಏರುವುದು ಮೆಟ್ಟಿಲು ಮೆಟ್ಟಿಲಾಗಿ: 30 ದಾಟಿದಾಗ ಬೆಲ್ಟ್ ತಪ್ಪುತ್ತದೆ, ಇಬ್ಬರು ಬೇಕಾಗುತ್ತಾರೆ, 70 ದಾಟಿದಾಗ ಪ್ಯಾಲೆಟ್, ಲಿಫ್ಟ್ ಬೇಕಾಗುತ್ತವೆ. ನಿಮ್ಮ ದರಪಟ್ಟಿಯಲ್ಲಿಯೂ ಅದೇ ಮೆಟ್ಟಿಲುಗಳು ಕಾಣಬೇಕು. ಕೆಲವು ಗ್ರಾಹಕರು 60 ಕಿಲೋದ ಸರಕನ್ನು 20ರ ಮೂರು ಪೆಟ್ಟಿಗೆಗಳಾಗಿ ಒಡೆದು ಕಳಿಸತೊಡಗುತ್ತಾರೆ. ಟೈಲ್ಸ್‌ನಂಥದ್ದಕ್ಕೆ ಅದು ಸಾಧ್ಯ, ಮತ್ತು ಅದೇ ನಮಗೂ ಬೇಕಾದದ್ದು.

ಮೊದಲು ಏನು ಮಾಡಬೇಕು ಎಂದು ಕೇಳಿದ್ದೀರಿ. ಕಳೆದ ಒಂದು ತಿಂಗಳ ಬುಕಿಂಗ್ ದಾಖಲೆಯನ್ನು ತೂಕದ ಕ್ರಮದಲ್ಲಿ ಜೋಡಿಸಿ, 20, 30, 70ರಲ್ಲಿ ಗೆರೆ ಎಳೆಯಿರಿ. ಹಾನಿಯ ದೂರುಗಳನ್ನೂ ಗಾಯದ ರಜೆಗಳನ್ನೂ ಅದರ ಪಕ್ಕದಲ್ಲಿಟ್ಟು ನೋಡಿ. ನಡುವಣ ಗುಂಪಿನಲ್ಲಿ ಎಷ್ಟು ಸರಕು ಯಾವ ಡಿಪೊಗಳ ನಡುವೆ ಓಡಾಡುತ್ತಿದೆ ಎಂಬುದು ಗೊತ್ತಾದರೆ ಯಾವ ಎರಡು ಅಥವಾ ಮೂರು ಡಿಪೊಗಳಿಗೆ ಮೊದಲು ಟ್ರಾಲಿ, ತೂಕದ ಯಂತ್ರ, ಟೈಲ್ ಲಿಫ್ಟ್ ಕೊಡಬೇಕೆಂದು ನಿಮಗೇ ತಿಳಿಯುತ್ತದೆ. ಆ ಡಿಪೊಗಳ ನಡುವೆ ಮಾತ್ರ ಭಾರದ ಬುಕಿಂಗ್ ತೆರೆಯಿರಿ. ಉಳಿದ ಡಿಪೊಗಳಲ್ಲಿ ಸಾಧನ ಬರುವವರೆಗೆ 30 ಕಿಲೋ ಮೇಲಿನದಕ್ಕೆ ಬುಕಿಂಗ್ ಪುಟವೇ 'ಸದ್ಯ ಇಲ್ಲ' ಎಂದು ಉತ್ತರಿಸಲಿ. ಬೆಲ್ಟಿನ ಆರಂಭದಲ್ಲಿ ತೂಕ ಮೀರಿದ ಪೆಟ್ಟಿಗೆಯನ್ನು ತಾನಾಗಿ ನಿಲ್ಲಿಸುವ ತೂಕದ ರೋಲರನ್ನು ಈ ತಿಂಗಳೇ ಹಾಕಿಸಿ, ಮತ್ತು ಅದನ್ನು ದಾಟಿಸಿ ಮುಂದೆ ತಳ್ಳುವ ಅಧಿಕಾರವನ್ನು ಪಾಳಿಯ ಮೇಲ್ವಿಚಾರಕರಿಗೂ ಕೊಡಬೇಡಿ.